ಫ್ಲಾರೆನ್ಸ್ ನೈಟಿಂಗೇಲ್: ಸೈನಿಕರನ್ನು ಉಳಿಸಿದ್ದು ದೀಪವೋ, ಚರಂಡಿಯ ಶುಚಿಯೋ?

ಮೇ 12 ಬಂತೆಂದರೆ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಒಂದು ಚಿತ್ರ ಹರಿದಾಡುತ್ತದೆ. ಬಿಳಿ ಟೋಪಿ ಧರಿಸಿ, ಕೈಯಲ್ಲಿ ಅಲ್ಲಾವುದ್ದೀನನ ದೀಪದಂಥ ದೀಪ ಹಿಡಿದ ಮಹಿಳೆಯ ಚಿತ್ರ. ಕೆಳಗೆ ಹೆಚ್ಚುಕಡಿಮೆ ಹೀಗೊಂದು ಸಂದೇಶ: ಯುದ್ಧದಲ್ಲಿ ಗಾಯಗೊಂಡ ಸೈನಿಕರನ್ನು ಈ ತಾಯಿ ರಾತ್ರಿಯಿಡೀ ಪ್ರೀತಿಯಿಂದ ಆರೈಕೆ ಮಾಡಿದಳು, ಅವಳು ಬಂದ ಮೇಲೆ ಸಾವಿನ ಪ್ರಮಾಣ ಶೇ. 42ರಿಂದ ಶೇ. 2ಕ್ಕೆ ಇಳಿಯಿತು.

ಇದರಲ್ಲಿ ಎಷ್ಟು ನಿಜ? ದೀಪ ಇದ್ದದ್ದು ನಿಜ, ಆದರೆ ಚಿತ್ರದಲ್ಲಿರುವಂಥದ್ದಲ್ಲ. ಅಂಕಿಗಳೂ ನಿಜ, ಆದರೆ ಕಾರಣ ಬೇರೆ. ಆ ಕಾರಣ ತಿಳಿದರೆ ಮನೆಯಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವವರಿಗೂ ಆಸ್ಪತ್ರೆಯಲ್ಲಿ ಕೆಲಸ ಮಾಡುವವರಿಗೂ ಇಂದಿಗೂ ಉಪಯೋಗವಿದೆ. ಹಾಗಾಗಿ ನೈಟಿಂಗೇಲ್ ಅವರ ಬದುಕನ್ನು ಮೊದಲಿನಿಂದ ನೋಡೋಣ.

ಶ್ರೀಮಂತರ ಮನೆಯ ಮಗಳು

ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ್ದು 1820ರ ಮೇ 12ರಂದು, ಇಟಲಿಯ ಫ್ಲಾರೆನ್ಸ್ ನಗರದಲ್ಲಿ. ಊರಿನ ಹೆಸರನ್ನೇ ಮಗುವಿಗೆ ಇಟ್ಟರು. ಹೆತ್ತವರು ಇಂಗ್ಲೆಂಡಿನ ಸಿರಿವಂತರು. ಹ್ಯಾಂಪ್‌ಶೈರ್‌ನಲ್ಲಿ ಒಂದು, ಡರ್ಬಿಶೈರ್‌ನಲ್ಲಿ ಇನ್ನೊಂದು ದೊಡ್ಡ ಮನೆ ಇತ್ತು. ತಂದೆ ಇಬ್ಬರು ಹೆಣ್ಣುಮಕ್ಕಳಿಗೂ ಮನೆಯಲ್ಲೇ ಭಾಷೆ, ಇತಿಹಾಸ, ತತ್ವಶಾಸ್ತ್ರ ಕಲಿಸಿದರು. ಫ್ಲಾರೆನ್ಸ್‌ಗೆ ಗಣಿತದ ಮೇಲೆ ವಿಶೇಷ ಒಲವು.

ಹದಿನಾರನೆಯ ವಯಸ್ಸಿನಲ್ಲೇ ದೇವರು ತನ್ನನ್ನು ಸೇವೆಗೆ ಕರೆದನೆಂದು ಅವರು ನಂಬಿದ್ದರು. ಮುಂದೆ ರೋಗಿಗಳ ಆರೈಕೆಯೇ ಆ ಸೇವೆ ಎಂದು ತೀರ್ಮಾನಿಸಿದಾಗ ಮನೆಯವರು ಒಪ್ಪಲಿಲ್ಲ. ಆ ಕಾಲದ ಇಂಗ್ಲೆಂಡಿನಲ್ಲಿ ಆಸ್ಪತ್ರೆಯ ನರ್ಸ್ ಎಂದರೆ ತರಬೇತಿ ಇಲ್ಲದ, ಕಡಿಮೆ ಕೂಲಿಗೆ ದುಡಿಯುವ ಹೆಂಗಸು ಎಂಬ ಭಾವನೆ ಇತ್ತು. ಕುಡುಕಿಯರೆಂಬ ಕೆಟ್ಟ ಹೆಸರೂ ಅವರಿಗೆ ಅಂಟಿಕೊಂಡಿತ್ತು. ದೊಡ್ಡ ಮನೆತನದ ಮಗಳು ಅಂಥ ಕೆಲಸಕ್ಕೆ ಹೋಗುವುದೆಂದರೆ ಮಾನ ಕಳೆದುಕೊಂಡಂತೆ. ಫ್ಲಾರೆನ್ಸ್ ವರ್ಷಗಟ್ಟಲೆ ಮನೆಯವರೊಂದಿಗೆ ಹೋರಾಡಿದರು. ಒಳ್ಳೆಯ ಸಂಬಂಧ ಬಂದರೂ ಮದುವೆ ಬೇಡವೆಂದರು. ಬೆಳಿಗ್ಗೆ ಬೇಗ ಎದ್ದು ಸರ್ಕಾರದ ಆರೋಗ್ಯ ವರದಿಗಳನ್ನೂ ಆಸ್ಪತ್ರೆಗಳ ಅಂಕಿಅಂಶಗಳನ್ನೂ ಓದಿ ಟಿಪ್ಪಣಿ ಮಾಡಿಕೊಳ್ಳುತ್ತಿದ್ದರು.

ಕೊನೆಗೆ 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್ ಎಂಬಲ್ಲಿ ಸುಮಾರು ಮೂರು ತಿಂಗಳು ತರಬೇತಿ ಪಡೆದರು. 1853ರಲ್ಲಿ ಲಂಡನ್ನಿನಲ್ಲಿ ಮಹಿಳೆಯರಿಗಾಗಿ ಇದ್ದ ಸಣ್ಣ ಆಸ್ಪತ್ರೆಯೊಂದರ ಮೇಲ್ವಿಚಾರಕಿಯಾದರು. ಆಗ ಅವರಿಗೆ 33 ವರ್ಷ.

ಸ್ಕುಟಾರಿಯ ಆ ಚಳಿಗಾಲ

1854ರಲ್ಲಿ ಬ್ರಿಟನ್, ಫ್ರಾನ್ಸ್ ಮತ್ತು ಟರ್ಕಿ ಸೇರಿ ರಷ್ಯಾದ ವಿರುದ್ಧ ಕ್ರಿಮಿಯಾದಲ್ಲಿ ಯುದ್ಧಕ್ಕಿಳಿದಿದ್ದವು. ಗಾಯಗೊಂಡ ಬ್ರಿಟಿಷ್ ಸೈನಿಕರನ್ನು ಹಡಗಿನಲ್ಲಿ ಕಪ್ಪು ಸಮುದ್ರ ದಾಟಿಸಿ ಇಸ್ತಾಂಬುಲ್ ಬಳಿಯ ಸ್ಕುಟಾರಿಗೆ ತರುತ್ತಿದ್ದರು. ಅಲ್ಲಿ ಅವರು ಹುಳ ಸಾಯುವಂತೆ ಸಾಯುತ್ತಿದ್ದಾರೆಂಬ ಸುದ್ದಿ ಲಂಡನ್ನಿನ ಪತ್ರಿಕೆಯಲ್ಲಿ ಬಂತು. ಜನ ಸಿಟ್ಟಿಗೆದ್ದರು. ಸಚಿವ ಸಿಡ್ನಿ ಹರ್ಬರ್ಟ್ ನೈಟಿಂಗೇಲ್ ಅವರ ಪರಿಚಿತರು. ನರ್ಸ್‌ಗಳ ತಂಡವೊಂದನ್ನು ಕರೆದುಕೊಂಡು ಹೋಗುವಂತೆ ಅವರನ್ನು ಕೇಳಿಕೊಂಡರು.

38 ನರ್ಸ್‌ಗಳೊಂದಿಗೆ ನೈಟಿಂಗೇಲ್ ಸ್ಕುಟಾರಿ ತಲುಪಿದ್ದು 1854ರ ನವೆಂಬರ್ 4ರಂದು. ಆಸ್ಪತ್ರೆ ಎಂದರೆ ಹಳೆಯದೊಂದು ಭಾರೀ ಸೇನಾ ಬ್ಯಾರಕ್. ಉದ್ದುದ್ದ ಪಡಸಾಲೆಗಳಲ್ಲಿ ನೆಲದ ಮೇಲೆಯೇ ರೋಗಿಗಳು. ಹಾಸಿಗೆ ಸಾಲದು, ಅಂಗಿ ಸಾಲದು, ಸೋಪಿಲ್ಲ, ಟವೆಲಿಲ್ಲ. ಮೈಯೆಲ್ಲ ಹೇನು. ಕೆಲವು ಸೇನಾ ವೈದ್ಯರಿಗೆ ಈ ಹೆಂಗಸರ ತಂಡ ಬಂದದ್ದೇ ಹಿಡಿಸಲಿಲ್ಲ. ವೈದ್ಯರು ಕರೆಯುವ ತನಕ ತಮ್ಮ ನರ್ಸ್‌ಗಳು ವಾರ್ಡಿಗೆ ಕಾಲಿಡಕೂಡದು ಎಂದು ನೈಟಿಂಗೇಲ್ ತಾಕೀತು ಮಾಡಿದರು. ಕೆಲವೇ ದಿನಗಳಲ್ಲಿ ಗಾಯಾಳುಗಳ ಸಂಖ್ಯೆ ಮಿತಿಮೀರಿತು. ಆಗ ವೈದ್ಯರೇ ಕರೆದರು.

ಅವರು ಮಾಡಿದ ಮೊದಲ ಕೆಲಸಗಳಲ್ಲಿ ಸಿನಿಮಾಕ್ಕೆ ಬೇಕಾದ್ದೇನೂ ಇಲ್ಲ. ನೆಲ ಉಜ್ಜಲು ಬ್ರಷ್ ತರಿಸಿದರು. ಮನೆಯೊಂದನ್ನು ಹಿಡಿದು, ಬಿಸಿನೀರಿನ ಹಂಡೆ ಇಡಿಸಿ, ಬಟ್ಟೆ ಒಗೆಯುವ ವ್ಯವಸ್ಥೆ ಮಾಡಿದರು. ಗಟ್ಟಿ ಆಹಾರ ತಿನ್ನಲಾಗದವರಿಗೆ ಪ್ರತ್ಯೇಕ ಅಡುಗೆಮನೆ ತೆರೆದರು. ತೀರಿಹೋದವರ ಮನೆಗಳಿಗೆ ಪತ್ರ ಬರೆದರು. ಸೈನಿಕರ ಸಂಬಳ ಹೆಂಡದಂಗಡಿ ಪಾಲಾಗದೆ ಊರಿಗೆ ತಲುಪುವಂತೆ ಹಣ ಕಳಿಸುವ ಏರ್ಪಾಡು ಮಾಡಿದರು. ಓದಲು ಒಂದು ಕೋಣೆಯನ್ನೂ ತೆರೆದರು.

ರಾತ್ರಿ ಪಡಸಾಲೆಗಳಲ್ಲಿ ಒಬ್ಬರೇ ಸುತ್ತು ಹಾಕುತ್ತಿದ್ದುದು ನಿಜ. ಆದರೆ ಅವರ ಕೈಯಲ್ಲಿದ್ದದ್ದು ಟರ್ಕಿಯಲ್ಲಿ ಬಳಸುತ್ತಿದ್ದ, ಮಡಿಚಿಡಬಹುದಾದ ಕಂದೀಲು. ಅಲ್ಲಾವುದ್ದೀನನ ದೀಪ ಆಮೇಲೆ ಚಿತ್ರ ಬರೆದವರ ಕಲ್ಪನೆ.

ಫಾರ್ವರ್ಡ್ ಬಿಟ್ಟುಬಿಡುವ ಮೂರು ತಿಂಗಳು

ಈಗ ಆ ಅಂಕಿಗೆ ಬರೋಣ. ಸಾವಿನ ಪ್ರಮಾಣ ಶೇ. 42 ದಾಟಿದ್ದು 1855ರ ಫೆಬ್ರವರಿಯಲ್ಲಿ. ಅಂದರೆ ನೈಟಿಂಗೇಲ್ ಬಂದು ಮೂರು ತಿಂಗಳು ಕಳೆದ ಮೇಲೆ! ಅವರು ಬಂದ ಕೂಡಲೇ ಸಾವು ಇಳಿಯಲಿಲ್ಲ, ಏರಿತು. ಆ ಒಂದು ಚಳಿಗಾಲದಲ್ಲಿ ಸ್ಕುಟಾರಿಯಲ್ಲಿ 4,000ಕ್ಕೂ ಹೆಚ್ಚು ಸೈನಿಕರು ಸತ್ತರು. ಯುದ್ಧಭೂಮಿಯ ಹತ್ತಿರವೇ ಇದ್ದ ಸಣ್ಣ ಆಸ್ಪತ್ರೆಗಳಿಗಿಂತ ಈ ದೊಡ್ಡ ಆಸ್ಪತ್ರೆ ಹೆಚ್ಚು ಅಪಾಯಕಾರಿಯಾಗಿತ್ತು.

ಏಕೆ ಹೀಗಾಯಿತು? ನರ್ಸ್‌ಗಳ ಪ್ರೀತಿಗೆ ಕೊರತೆ ಇರಲಿಲ್ಲ. ನೆಲವನ್ನೂ ಉಜ್ಜುತ್ತಿದ್ದರು. ಆದರೆ ಕಟ್ಟಡದ ಅಡಿಯಲ್ಲಿದ್ದ ಚರಂಡಿಗಳು ಕಟ್ಟಿಕೊಂಡು ಕೊಳೆಯುತ್ತಿದ್ದವು. ಕಕ್ಕಸುಗಳು ತುಂಬಿ ಹರಿಯುತ್ತಿದ್ದವು. ಕುಡಿಯುವ ನೀರು ಬರುವ ಕಾಲುವೆಯಲ್ಲಿ ಸತ್ತ ಕುದುರೆ ಬಿದ್ದಿತ್ತು. ಕಿಟಕಿ ಮುಚ್ಚಿದ, ಜನ ಕಿಕ್ಕಿರಿದ ಕೋಣೆಗಳಲ್ಲಿ ಗಾಯಾಳು ಗಾಯದಿಂದ ಸಾಯದೆ, ಆಸ್ಪತ್ರೆಯಲ್ಲೇ ಹತ್ತಿದ ಭೇದಿ ಮತ್ತು ಜ್ವರದಿಂದ ಸಾಯುತ್ತಿದ್ದ.

1855ರ ಮಾರ್ಚ್‌ನಲ್ಲಿ ಸರ್ಕಾರ ನೈರ್ಮಲ್ಯ ಆಯೋಗವೊಂದನ್ನು ಸ್ಕುಟಾರಿಗೆ ಕಳಿಸಿತು. ವೈದ್ಯ ಜಾನ್ ಸದರ್ಲೆಂಡ್, ಎಂಜಿನಿಯರ್ ರಾಬರ್ಟ್ ರಾಲಿನ್‌ಸನ್ ಅದರಲ್ಲಿದ್ದರು. ಅವರು ಚರಂಡಿ ತೊಳೆಸಿದರು, ಕಸ ಮತ್ತು ಸತ್ತ ಪ್ರಾಣಿಗಳನ್ನು ತೆಗೆಸಿದರು, ಗೋಡೆಗೆ ಸುಣ್ಣ ಬಳಿಸಿದರು, ಗಾಳಿ ಆಡುವಂತೆ ಮಾಡಿದರು. ಜೂನ್ ಹೊತ್ತಿಗೆ ಸಾವಿನ ಪ್ರಮಾಣ ಶೇ. 2ರ ಆಸುಪಾಸಿಗೆ ಇಳಿಯಿತು. ಚಳಿಗಾಲ ಮುಗಿದದ್ದು, ಸಾಮಗ್ರಿ ಸರಿಯಾಗಿ ಬರತೊಡಗಿದ್ದು, ರೋಗಿಗಳ ಗುಂಪು ಕರಗಿದ್ದು ಕೂಡ ಇದಕ್ಕೆ ನೆರವಾದವು. ಹಾಗಾಗಿ ಈ ಇಳಿಕೆಯನ್ನು ಒಬ್ಬರೇ ವ್ಯಕ್ತಿಯ ಪವಾಡವೆಂದು ಹೇಳುವುದು ತಪ್ಪು.

ಹಾಗಾದರೆ ನೈಟಿಂಗೇಲ್ ಅವರ ದೊಡ್ಡತನ ಎಲ್ಲಿದೆ? ಅದು ಯುದ್ಧ ಮುಗಿದ ಮೇಲೆ ಶುರುವಾಗುತ್ತದೆ.

ಹೂವಿನ ದಳದಂಥ ಲೆಕ್ಕ

1856ರ ಆಗಸ್ಟ್‌ನಲ್ಲಿ ಅವರು ಇಂಗ್ಲೆಂಡಿಗೆ ಮರಳಿದಾಗ ಇಡೀ ದೇಶ ಅವರ ಹೆಸರು ಹೇಳುತ್ತಿತ್ತು. ಸನ್ಮಾನ ಬೇಡವೆಂದು ಮಿಸ್ ಸ್ಮಿತ್ ಎಂಬ ಸುಳ್ಳು ಹೆಸರಿನಲ್ಲಿ ಪ್ರಯಾಣ ಮಾಡಿ, ಸದ್ದಿಲ್ಲದೆ ಮನೆ ಸೇರಿದರು. ಕ್ರಿಮಿಯಾದಲ್ಲಿ ತಗುಲಿದ್ದ ಜ್ವರದಿಂದ ಅವರ ಆರೋಗ್ಯ ಕುಸಿದಿತ್ತು. ಮುಂದೆ ಎಷ್ಟೋ ವರ್ಷ ಕೋಣೆಯಲ್ಲೇ, ಹಾಸಿಗೆಯಲ್ಲೇ ಕಳೆದರು. ಆದರೆ ಅಲ್ಲಿಂದಲೇ ಕೆಲಸ ಮಾಡಿದರು.

ಅಂಕಿಅಂಶ ತಜ್ಞ ವಿಲಿಯಂ ಫಾರ್ ಅವರ ಜೊತೆ ಸೇರಿ ಸತ್ತ ಪ್ರತಿಯೊಬ್ಬ ಸೈನಿಕನ ಲೆಕ್ಕ ಹಿಡಿದು ಕೂತರು. ಬಂದ ಉತ್ತರ ಬೆಚ್ಚಿಬೀಳಿಸುವಂತಿತ್ತು. 1855ರ ಜನವರಿ ಒಂದೇ ತಿಂಗಳಲ್ಲಿ ತಡೆಯಬಹುದಾಗಿದ್ದ ಸೋಂಕು ರೋಗಗಳಿಂದ ಸತ್ತವರು 2,761. ಗಾಯಗಳಿಂದ ಸತ್ತವರು 83.

ಈ ಪಟ್ಟಿಯನ್ನು ಹಾಗೇ ಕೊಟ್ಟರೆ ಮಂತ್ರಿಗಳು ಓದುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಅದಕ್ಕೇ ಚಿತ್ರ ಬರೆದರು. ಪ್ರತಿ ತಿಂಗಳಿಗೆ ಒಂದೊಂದು ದಳ ಇರುವ ಹೂವಿನಂಥ ನಕ್ಷೆ ಅದು. ತಡೆಯಬಹುದಾದ ರೋಗಕ್ಕೆ ನೀಲಿ, ಗಾಯಕ್ಕೆ ಕೆಂಪು, ಉಳಿದದ್ದಕ್ಕೆ ಕಪ್ಪು. ನೋಡಿದ ತಕ್ಷಣ ಕಣ್ಣಿಗೆ ಹೊಡೆಯುವುದು ಹರಡಿಕೊಂಡ ನೀಲಿ. ಶತ್ರುವಿನ ಗುಂಡಿಗಿಂತ ಸರ್ಕಾರದ ನಿರ್ಲಕ್ಷ್ಯವೇ ಹೆಚ್ಚು ಜನರನ್ನು ಕೊಂದಿತೆಂದು ಹೇಳಲು ಅಷ್ಟು ಸಾಕಿತ್ತು. 1858ರಲ್ಲಿ ಲಂಡನ್ನಿನ ಅಂಕಿಅಂಶ ಸಂಘ ಅವರನ್ನು ತನ್ನ ಮೊದಲ ಮಹಿಳಾ ಸದಸ್ಯೆಯಾಗಿ ಆರಿಸಿಕೊಂಡಿತು.

ಇಲ್ಲಿ ಗಮನಿಸಬೇಕಾದ್ದೊಂದಿದೆ. ಆ ಲೆಕ್ಕದಲ್ಲಿ ಅವರೇ ಕೆಲಸ ಮಾಡಿದ ಆಸ್ಪತ್ರೆಯೂ ತೀರ ಕೆಟ್ಟದಾಗಿ ಕಾಣುತ್ತಿತ್ತು. ಜನ ತಮ್ಮನ್ನು ದೇವತೆ ಎಂದು ಹಾಡಿಹೊಗಳುತ್ತಿರುವಾಗ ಆ ಸಾವುಗಳ ಲೆಕ್ಕವನ್ನು ಅವರು ಮುಚ್ಚಿಡಲಿಲ್ಲ. ಬಣ್ಣ ಹಚ್ಚಿ ಎಲ್ಲರ ಮುಂದಿಟ್ಟರು.

ಆರೈಕೆಯ ಮೊದಲ ಪಾಠಗಳು

ಈ ಅನುಭವವನ್ನೆಲ್ಲ ಸೇರಿಸಿ ನೈಟಿಂಗೇಲ್ ಶುಶ್ರೂಷೆಯ ಬಗ್ಗೆ ಒಂದು ಪುಟ್ಟ ಪುಸ್ತಕ ಬರೆದರು. 1860ರ ಹೊತ್ತಿಗೆ ಅದು ಜನರ ಕೈಸೇರಿತು. ಅದನ್ನು ಬರೆದದ್ದು ಆಸ್ಪತ್ರೆಯವರಿಗಷ್ಟೇ ಅಲ್ಲ, ಮನೆಯಲ್ಲಿ ಒಬ್ಬ ರೋಗಿಯನ್ನಾದರೂ ನೋಡಿಕೊಳ್ಳಬೇಕಾದ ಎಲ್ಲ ಹೆಂಗಸರಿಗೆ. ಅದರಲ್ಲಿರುವ ಮುಖ್ಯ ಸಂಗತಿಗಳನ್ನು ನಮ್ಮ ಮಾತಿನಲ್ಲಿ ಹೇಳುತ್ತೇವೆ.

*ಗಾಳಿ, ಬೆಳಕು, ನೀರು, ಚರಂಡಿ, ಶುಚಿ.* ಮನೆಯ ಆರೋಗ್ಯಕ್ಕೆ ಈ ಐದು ಬೇಕು. ರಾತ್ರಿಯ ಗಾಳಿ ವಿಷವೆಂದು ಅಂದಿನ ಇಂಗ್ಲೆಂಡಿನಲ್ಲಿ ಜನ ಕಿಟಕಿ ಮುಚ್ಚುತ್ತಿದ್ದರು. ನಮ್ಮಲ್ಲಿ ಬಾಣಂತಿ ಕೋಣೆಯ ಕಿಟಕಿ ಮುಚ್ಚಿ ಗಾಳಿ ಆಡದಂತೆ ಮಾಡುವುದಿಲ್ಲವೇ, ಹಾಗೆಯೇ. ರೋಗಿಗೆ ಚಳಿಯಾಗದಂತೆ ಹೊದಿಕೆ ಕೊಡಿ, ಆದರೆ ಕೋಣೆಗೆ ಹೊಸ ಗಾಳಿ ಬರಲಿ ಎಂಬುದು ಅವರ ನಿಲುವು. ಬೆಚ್ಚಗಿಡುವುದು ಬೇರೆ, ಉಸಿರುಗಟ್ಟಿಸುವುದು ಬೇರೆ.

*ಕೈ ತೊಳೆಯುವುದು.* ನರ್ಸ್ ದಿನದಲ್ಲಿ ಪದೇ ಪದೇ ಕೈ ತೊಳೆಯಬೇಕು ಎಂದು ಅವರು ಬರೆದರು. ರೋಗಾಣುಗಳ ಬಗ್ಗೆ ವಿಜ್ಞಾನ ಇನ್ನೂ ಒಂದು ತೀರ್ಮಾನಕ್ಕೆ ಬಂದಿರದ ಕಾಲವದು.

*ಸರಿಯಾಗಿ ಗಮನಿಸುವುದು.* ರಾತ್ರಿ ಚೆನ್ನಾಗಿ ನಿದ್ದೆ ಬಂತಾ ಎಂದು ಕೇಳಿದರೆ ಏನೂ ತಿಳಿಯುವುದಿಲ್ಲ. ಒಬ್ಬರಿಗೆ ಎರಡು ಗಂಟೆ ನಿದ್ದೆಯೇ ಚೆನ್ನ, ಇನ್ನೊಬ್ಬರಿಗೆ ಎಂಟು ಗಂಟೆಯೂ ಸಾಲದು. ಎಷ್ಟು ಗಂಟೆಗೆ ಮಲಗಿದರು, ಎಷ್ಟು ಸಲ ಎದ್ದರು, ತಟ್ಟೆಯಲ್ಲಿ ಎಷ್ಟು ಉಳಿಯಿತು ಎಂಬುದನ್ನು ನೋಡಿ, ವೈದ್ಯರಿಗೆ ಹಾಗೆಯೇ ಹೇಳಬೇಕು. ಇಂದು ಆಸ್ಪತ್ರೆಯ ಮಂಚದ ಬಳಿ ತೂಗುವ ಚಾರ್ಟ್ ಮಾಡುವುದು ಇದೇ ಕೆಲಸವನ್ನು.

*ನಾನಿಲ್ಲದಾಗ ಏನು?* ನಾನಿದ್ದಾಗ ಎಲ್ಲ ಸರಿಯಾಗಿ ನಡೆಯುತ್ತದೆ ಎನ್ನುವುದು ಹೆಮ್ಮೆಯ ಮಾತಲ್ಲ. ನಾನಿಲ್ಲದಾಗಲೂ ಹಾಗೆಯೇ ನಡೆಯುವಂತೆ ಹೇಳಿ, ಒಪ್ಪಿಸಿ ಹೋಗುವುದೇ ಆರೈಕೆ. ಅಪ್ಪನ ಮಾತ್ರೆಯ ಸಮಯ ಅಕ್ಕನಿಗೆ ಮಾತ್ರ ಗೊತ್ತಿದ್ದು, ಅಕ್ಕ ಊರಿಗೆ ಹೋದ ದಿನ ಮಾತ್ರೆ ತಪ್ಪಿದರೆ ತಪ್ಪು ಯಾರದು? ಬರೆದು ಗೋಡೆಗೆ ಅಂಟಿಸದ ವ್ಯವಸ್ಥೆಯದ್ದು.

*ರೋಗಿಯ ಮರ್ಯಾದೆ.* ಬಾಗಿಲ ಹೊರಗೆ ನಿಂತು ಪಿಸುಗುಟ್ಟಬೇಡಿ. ರೋಗಿ ಕಿವಿಯಾನಿಸಿ ಭಯಪಡುತ್ತಾನೆ. ಮಾತಾಡುವಾಗ ಅವನಿಗೆ ಕಾಣುವಂತೆ ಕೂತು ಮಾತಾಡಿ, ಕತ್ತು ತಿರುಗಿಸುವಂತೆ ಮಾಡಬೇಡಿ. ಮಂಚಕ್ಕೆ ಒರಗಬೇಡಿ, ಅಲುಗಿಸಬೇಡಿ. ತಿನ್ನದೆ ಬಿಟ್ಟ ಊಟವನ್ನು ಪಕ್ಕದಲ್ಲೇ ಇಡಬೇಡಿ. ಇನ್ನೊಂದು ಮಾತು ಈಗಂತೂ ತುಂಬ ಮುಖ್ಯ: ರೋಗಿಯ ವಿಷಯವನ್ನು, ಕೇಳುವ ಹಕ್ಕಿರುವವರಿಗೆ ಬಿಟ್ಟು ಬೇರೆಯವರಿಗೆ ಹೇಳಬಾರದು. ಆಸ್ಪತ್ರೆಯಲ್ಲಿ ಮಲಗಿರುವವರ ಫೋಟೊ ತೆಗೆದು ಸ್ಟೇಟಸ್‌ಗೆ ಹಾಕುವವರು ಇದನ್ನು ಎರಡು ಸಲ ಓದಬೇಕು.

*ಬಿಟ್ಟಿ ಸಲಹೆ.* ನೋಡಲು ಬಂದವರೆಲ್ಲ ಏನೂ ಆಗಿಲ್ಲ ಬಿಡಿ ಎನ್ನುವುದು, ಕಾಯಿಲೆಯ ತಲೆಬುಡ ತಿಳಿಯದೆ ಆ ಔಷಧಿ ಈ ಔಷಧಿ ಎನ್ನುವುದು ರೋಗಿಯನ್ನು ಎಷ್ಟು ದಣಿಸುತ್ತದೆಂದು ಅವರು ಒಂದು ಅಧ್ಯಾಯವನ್ನೇ ಬರೆದಿದ್ದಾರೆ. ವಾಟ್ಸಾಪ್ ಬರುವ ಒಂದೂವರೆ ಶತಮಾನ ಮೊದಲೇ!

*ಹೂಗಿಡದ ಭಯ.* ರಾತ್ರಿ ಗಿಡಗಳು ಇಂಗಾಲದ ಡೈಆಕ್ಸೈಡ್ ಬಿಡುತ್ತವೆ, ರೋಗಿಯ ಕೋಣೆಯಲ್ಲಿ ಇಡಬೇಡಿ ಎಂಬ ಸಂದೇಶ ನಿಮಗೂ ಬಂದಿರಬಹುದು. ಅಂದೂ ಈ ಭಯ ಇತ್ತು. ಒಂದು ಕುಂಡ ಬಿಡುವ ಆ ಅನಿಲದಿಂದ ನೊಣವೂ ಸಾಯದು ಎಂಬುದು ಅವರ ವಾದ. ಅದು ಸರಿಯಾದ ಮಾತೇ. ಪಕ್ಕದಲ್ಲಿ ಮಲಗಿದ ಮನುಷ್ಯ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಬಿಡುತ್ತಾನೆ. ಐಸಿಯುನಂಥ ಕಡೆ ಇಂದು ಹೂ ಬೇಡವೆನ್ನುವುದು ಸೋಂಕಿನ ಕಾರಣಕ್ಕೆ, ಅದು ಬೇರೆ ವಿಷಯ.

ಶಾಲೆ, ಬಡವರ ಮನೆ, ಮತ್ತು ಹಲಸೂರು ಕೆರೆ

ಜನ ಕೃತಜ್ಞತೆಯಿಂದ ಕೂಡಿಸಿದ ನಿಧಿಯಿಂದ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ನರ್ಸಿಂಗ್ ಶಾಲೆ ತೆರೆಯಿತು. ನರ್ಸಿಂಗ್ ಎಂಬುದು ಕಲಿಯಬೇಕಾದ, ಸಂಬಳವಿರುವ, ಗೌರವದ ವೃತ್ತಿ ಎಂಬ ಮಾತು ಗಟ್ಟಿಯಾಗತೊಡಗಿದ್ದು ಇಲ್ಲಿಂದ.

ಲಿವರ್‌ಪೂಲ್‌ನ ವ್ಯಾಪಾರಿ ವಿಲಿಯಂ ರಾತ್‌ಬೋನ್ ತಮ್ಮ ಪತ್ನಿಯ ಕೊನೆಯ ದಿನಗಳಲ್ಲಿ ಮನೆಗೆ ನರ್ಸ್ ಇಟ್ಟಿದ್ದರು. ಹಣವಿರುವ ನಮಗೇ ಇದು ಇಷ್ಟು ನೆರವಾದರೆ ಬಡವರ ಪಾಡೇನೆಂದು ಯೋಚಿಸಿ, ಅದೇ ನರ್ಸ್‌ಗೆ ಸಂಬಳ ಕೊಟ್ಟು ಬಡವರ ಮನೆಗಳಿಗೆ ಕಳಿಸಿದರು. ಕೆಲಸ ಬೆಳೆಸಲು ಅವರು ಸಲಹೆ ಕೇಳಿದ್ದು ನೈಟಿಂಗೇಲ್ ಅವರನ್ನು. ಮನೆಮನೆಗೆ ಹೋಗುವ ನರ್ಸ್‌ಗಳ ವ್ಯವಸ್ಥೆ ಇಂಗ್ಲೆಂಡಿನಲ್ಲಿ ಬೆಳೆದದ್ದು ಹೀಗೆ. ನಿರ್ಗತಿಕರನ್ನು ಇರಿಸುತ್ತಿದ್ದ ಲಿವರ್‌ಪೂಲ್‌ನ ವರ್ಕ್‌ಹೌಸ್ ಆಸ್ಪತ್ರೆಗೂ 1865ರಲ್ಲಿ ತರಬೇತಿ ಪಡೆದ ನರ್ಸ್‌ಗಳು ಬಂದರು. ಅವರ ಮುಖ್ಯಸ್ಥೆ ಆಗ್ನೆಸ್ ಜೋನ್ಸ್ ಮೂರೇ ವರ್ಷದಲ್ಲಿ ಟೈಫಸ್ ತಗುಲಿ ತೀರಿಕೊಂಡರು. ಆರೈಕೆ ಮಾಡುವವರ ಆರೋಗ್ಯವನ್ನೂ ಯಾರಾದರೂ ನೋಡಬೇಕೆಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ.

ಭಾರತಕ್ಕೆ ನೈಟಿಂಗೇಲ್ ಬರಲೇ ಇಲ್ಲ. ಆದರೆ ಇಲ್ಲಿನ ಸೇನಾ ಠಾಣೆಗಳಿಗೆ ಪ್ರಶ್ನೆಪಟ್ಟಿ ಕಳಿಸಿ, ಬಂದ ಉತ್ತರಗಳ ರಾಶಿಯನ್ನು ಲಂಡನ್ನಿನಲ್ಲೇ ಕೂತು ಓದಿದರು. ಇಲ್ಲಿದ್ದ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಿದ್ದರೆಂದು 1863ರ ವರದಿ ಹೇಳಿತು. ಬೆಂಗಳೂರಿನ ಪ್ರಸ್ತಾಪವೂ ಅದರಲ್ಲಿದೆ: ಕುಡಿಯಲು ಬಳಸುತ್ತಿದ್ದ ಹಲಸೂರು ಕೆರೆಗೇ ದಂಡಿನ ಬಜಾರಿನ ಕೊಳಚೆ ಸೇರುತ್ತಿತ್ತು! ಮೊದಲು ಸೈನಿಕರಿಗಾಗಿ ಶುರುವಾದ ಅವರ ಕಾಳಜಿ ಆಮೇಲೆ ಹಳ್ಳಿಗಳ ನೈರ್ಮಲ್ಯ, ನೀರಾವರಿ, ಬರಗಾಲಗಳ ಕಡೆಗೂ ಹೊರಳಿತು.

ಅವರೂ ತಪ್ಪಿದ್ದರು

ರೋಗ ಹರಡುವುದು ಕೊಳೆತ ವಸ್ತುವಿನ ಕೆಟ್ಟ ಗಾಳಿಯಿಂದ ಎಂದು ಅವರು ಬಹುಕಾಲ ನಂಬಿದ್ದರು. ಒಬ್ಬರಿಂದೊಬ್ಬರಿಗೆ ರೋಗ ಅಂಟುತ್ತದೆಂಬ ವಾದವನ್ನು ಅನುಮಾನದಿಂದ ನೋಡುತ್ತಿದ್ದರು. ರೋಗಾಣು ಸಿದ್ಧಾಂತಕ್ಕೆ ಪುರಾವೆ ಗಟ್ಟಿಯಾದಂತೆ, ವಯಸ್ಸಾದ ಮೇಲೆ, ನಿಧಾನವಾಗಿ ಅದನ್ನು ಒಪ್ಪಿಕೊಂಡರು. ಕಾರಣ ತಪ್ಪಿದ್ದರೂ ಚರಂಡಿ, ನೀರು, ಗಾಳಿ ಸರಿಪಡಿಸಿ ಎಂಬ ಮದ್ದು ಕೆಲಸ ಮಾಡಿತು. ಮದ್ದು ಕೆಲಸ ಮಾಡಿತೋ ಇಲ್ಲವೋ ಎಂದು ಅವರು ಎಣಿಸಿ ನೋಡುತ್ತಿದ್ದರು ಎಂಬುದೇ ಇಲ್ಲಿ ಮುಖ್ಯ.

ಇನ್ನೊಂದು ತಪ್ಪು ನಮ್ಮದು. ನರ್ಸಿಂಗ್ ಕಾಲೇಜುಗಳಲ್ಲಿ ದೀಪ ಬೆಳಗಿಸಿ ಮಾಡುವ ನೈಟಿಂಗೇಲ್ ಪ್ರತಿಜ್ಞೆಯನ್ನು ಅವರೇ ಬರೆದರೆಂದು ಹಲವರು ತಿಳಿದಿದ್ದಾರೆ. ಅದು ಸಿದ್ಧವಾದದ್ದು 1893ರಲ್ಲಿ, ಅಮೆರಿಕದ ಡೆಟ್ರಾಯಿಟ್‌ನ ನರ್ಸಿಂಗ್ ಶಾಲೆಯೊಂದರಲ್ಲಿ. ಅವರ ಗೌರವಾರ್ಥ ಹೆಸರಿಟ್ಟರು, ಅಷ್ಟೇ.

1907ರಲ್ಲಿ ಬ್ರಿಟನ್ನಿನ ಆರ್ಡರ್ ಆಫ್ ಮೆರಿಟ್ ಪಡೆದ ಮೊದಲ ಮಹಿಳೆ ಎನಿಸಿದ ನೈಟಿಂಗೇಲ್, 1910ರ ಆಗಸ್ಟ್ 13ರಂದು ತಮ್ಮ 90ನೆಯ ವಯಸ್ಸಿನಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ದೊಡ್ಡವರನ್ನು ಹೂಳುವ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಜಾಗ ಕೊಡುತ್ತೇವೆಂದರೂ ಕುಟುಂಬ ಒಪ್ಪಲಿಲ್ಲ. ಹ್ಯಾಂಪ್‌ಶೈರ್‌ನ ಹಳ್ಳಿಯೊಂದರ ಚರ್ಚಿನ ಅಂಗಳದಲ್ಲಿ ಮಣ್ಣು ಮಾಡಿದರು. ಕಲ್ಲಿನ ಮೇಲೆ ಅವರಿಗಾಗಿ ಕೆತ್ತಿದ್ದು ಹೆಸರಿನ ಎರಡು ಅಕ್ಷರ ಮತ್ತು ಹುಟ್ಟು ಸಾವಿನ ವಿವರವನ್ನು ಮಾತ್ರ.

ಮುಂದಿನ ಮೇ 12ಕ್ಕೆ

ದೀಪದ ಚಿತ್ರ ಬಂದರೆ ಖಂಡಿತ ಹಂಚಿ, ತಪ್ಪೇನಿಲ್ಲ. ಆದರೆ ಪ್ರೀತಿಯೊಂದೇ ಸಾವನ್ನು ಇಳಿಸಿತು ಎಂಬ ಸಾಲನ್ನು ತೆಗೆದುಬಿಡಿ. ಆ ಸಾಲಿನಿಂದ ನರ್ಸ್‌ಗಳಿಗೆ ಒಂದು ತೊಂದರೆಯೂ ಇದೆ. ನರ್ಸ್ ಎಂದರೆ ದೇವತೆ ಎಂದುಬಿಟ್ಟರೆ ಆಕೆಗೆ ಸೋಪು, ಗ್ಲೌಸ್, ಸರಿಯಾದ ಸಂಬಳ, ವಾರಕ್ಕೊಂದು ರಜೆ ಬೇಕೆಂಬುದನ್ನು ಮರೆಯುವುದು ಸುಲಭ. ಸ್ಕುಟಾರಿಯಲ್ಲಿ ಒಳ್ಳೆಯ ಮನಸ್ಸಿನ ಹೆಂಗಸರು ರಾತ್ರಿಹಗಲು ದುಡಿಯುತ್ತಿದ್ದಾಗಲೂ ಸೈನಿಕರು ಸತ್ತರು, ಯಾಕೆಂದರೆ ಕೆಳಗೆ ಚರಂಡಿ ಕಟ್ಟಿತ್ತು.

ನಿಮ್ಮ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದರೆ ಇಂದೇ ಒಂದು ನೋಟ್‌ಬುಕ್ ಇಡಿ. ಮಾತ್ರೆ ಕೊಟ್ಟ ಹೊತ್ತು, ತಿಂದದ್ದೆಷ್ಟು, ನಿದ್ದೆ ಎಷ್ಟು, ಮೂತ್ರ ಹೋದದ್ದು ಎಷ್ಟು ಸಲ, ಬೆನ್ನಿನ ಮೇಲೆ ಎಲ್ಲಾದರೂ ಕೆಂಪಾಗಿದೆಯೇ ಎಂದು ಬರೆಯಿರಿ. ಮುಂದಿನ ಸರದಿಯವರು ಅದನ್ನು ಓದಲಿ, ವೈದ್ಯರ ಬಳಿ ಹೋಗುವಾಗ ಜೊತೆಗೆ ಕೊಂಡೊಯ್ಯಿರಿ. ಮುಟ್ಟುವ ಮುಂಚೆ, ಮುಟ್ಟಿದ ಮೇಲೆ ಕೈ ತೊಳೆಯಿರಿ. ಕಿಟಕಿ ತೆರೆಯಿರಿ.